ಲಾ ರೊಮಾನಾದಿಂದ ಪುಂಟಾ ಕಾನಾ: ಗಾಲ್ಫ್ ಆಡುವವರಿಗೂ ಆಡದವರಿಗೂ ಒಂದು ವಾರ

ಕೆರಿಬಿಯನ್ ದ್ವೀಪಗಳಲ್ಲಿ ಒಳ್ಳೆಯ ಗಾಲ್ಫ್ ಕೋರ್ಸಿಗೆ ಬರವಿಲ್ಲ. ಬಾರ್ಬಡೋಸ್‌ನಲ್ಲಿ ಸ್ಯಾಂಡಿ ಲೇನ್, ಜಮೈಕಾದ ಮಾಂಟೆಗೋ ಬೇಯಲ್ಲಿ ಹಾಫ್ ಮೂನ್, ಪುಟ್ಟ ನೆವಿಸ್‌ನಲ್ಲಿ ಫೋರ್ ಸೀಸನ್ಸ್. ಆಡುವವರಷ್ಟೇ ಹೋಗುವುದಾದರೆ ಇವುಗಳಲ್ಲಿ ಯಾವುದಾದರೂ ಆದೀತು. ಮನೆಮಂದಿಯೆಲ್ಲ ಹೊರಟಾಗ ಲೆಕ್ಕ ಬೇರೆ. ಹದಿನೆಂಟು ಹೋಲ್ ಆಡಿ ಮುಗಿಸಲು ನಾಲ್ಕೂವರೆಯಿಂದ ಐದು ಗಂಟೆ ಹಿಡಿಯುತ್ತದೆ. ಆ ಐದು ಗಂಟೆ ಆಡದವರು ಎಲ್ಲಿರುತ್ತಾರೆ, ಅಲ್ಲಿಗೆ ಹೇಗೆ ಹೋಗುತ್ತಾರೆ, ಯಾರನ್ನೂ ಕಾಯದೆ ಊಟ ಮಾಡಿಕೊಳ್ಳಬಲ್ಲರೇ? ರೆಸಾರ್ಟ್ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದು. ಈಜುಕೊಳ ಎಷ್ಟಿವೆ, ಹಾಸಿಗೆಯ ಮೇಲೆ ಟವೆಲನ್ನು ಹಂಸದಂತೆ ಮಡಚಿಡುತ್ತಾರೋ ಇಲ್ಲವೋ ಎಂಬುದೆಲ್ಲ ಆಮೇಲೆ.

ಈ ಲೆಕ್ಕದಲ್ಲಿ ಲಾ ರೊಮಾನಾ, ಪುಂಟಾ ಕಾನಾ ಇರುವ ಡೊಮಿನಿಕನ್ ಗಣರಾಜ್ಯ ಮುಂದೆ ಬಂತು. ನ್ಯೂಜೆರ್ಸಿಯಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಚಾಲ್ತಿಯಲ್ಲಿರುವ ಅಮೆರಿಕ, ಕೆನಡಾ, ಬ್ರಿಟನ್ ಅಥವಾ ಶೆಂಗೆನ್ ವೀಸಾ ಇದ್ದರೆ ಪ್ರವಾಸಕ್ಕೆ ಇಲ್ಲಿನ ಬೇರೆ ವೀಸಾ ಬೇಡ. ಹಾಗಾಗಿ ಮಗಳ ಮನೆಗೆಂದು ಮೈಸೂರಿನಿಂದ ಬಂದಿದ್ದ ಅಜ್ಜಿಯೂ ಹೊರಟರು. ಡಿಸೆಂಬರ್ ಮೊದಲ ವಾರವನ್ನು ಆರಿಸಲು ಕಾರಣವಿದೆ. ಚಂಡಮಾರುತದ ಋತು ನವೆಂಬರ್ 30ಕ್ಕೆ ಮುಗಿಯುತ್ತದೆ, ಕ್ರಿಸ್‌ಮಸ್ ದರ ಇನ್ನೂ ಏರಿರುವುದಿಲ್ಲ.

ಶನಿವಾರ: ಕಬ್ಬಿನ ನಡುವೆ

ಪುಂಟಾ ಕಾನಾ ವಿಮಾನ ನಿಲ್ದಾಣದ ಚಾವಣಿ ತಾಳೆಗರಿಯದು. ಇಳಿದ ಕೂಡಲೇ ಬೇಕಾಗುವುದು ಇ-ಟಿಕೆಟ್ ಎಂಬ ಸರ್ಕಾರಿ ನಮೂನೆಯ ಕ್ಯೂಆರ್ ಕೋಡ್. ಅದು ಉಚಿತ. ಹಣ ಕೇಳುವ ತಾಣ ಸಿಕ್ಕರೆ ಅದು ದಲ್ಲಾಳಿಗಳದ್ದು. ಬರುವುದಕ್ಕೂ ಹೊರಡುವುದಕ್ಕೂ ಮನೆಯಲ್ಲೇ ತುಂಬಿ, ಕೋಡಿನ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡರೆ ಸಾಲಿನಲ್ಲಿ ನಿಂತು ವೈಫೈ ಹುಡುಕುವ ಪಾಡಿಲ್ಲ.

ಎರಡು ಗಾಲ್ಫ್ ಚೀಲಗಳಲ್ಲಿ ಒಂದು ಬರಲಿಲ್ಲ. ಇದು ಅಪರೂಪವೇನಲ್ಲ. ಉದ್ದನೆಯ ಚೀಲಗಳನ್ನು ದೊಡ್ಡ ಸಾಮಾನಿನ ಜೊತೆ ಬೇರೆ ಗಾಡಿಯಲ್ಲಿ ಸಾಗಿಸುವುದರಿಂದ, ನಡುವೆ ವಿಮಾನ ಬದಲಿಸಿದವರದ್ದು ಹಿಂದುಳಿಯುವ ಸಂಭವ ಹೆಚ್ಚು. ಶೂ, ಗ್ಲೌಸ್, ಎರಡು ದಿನದ ಬಟ್ಟೆ ಕೈಚೀಲದಲ್ಲಿದ್ದರೆ ಬಾಡಿಗೆ ಕ್ಲಬ್‌ಗಳಲ್ಲಿ, ಅಂದರೆ ಗಾಲ್ಫ್ ದಾಂಡುಗಳಲ್ಲಿ, ಒಂದು ಸುತ್ತು ಆಡಿಕೊಳ್ಳಬಹುದು. ಡ್ರೈವರ್ ಎಂಬ ಉದ್ದದ ಕ್ಲಬ್ಬಿನ ತಲೆ ಬಿಚ್ಚಿ ಸಾಕ್ಸಿನಲ್ಲಿ ಸುತ್ತಿ, ಎಲ್ಲ ಕ್ಲಬ್‌ಗಳಿಗಿಂತ ಉದ್ದದ ಗಟ್ಟಿ ಕೋಲೊಂದನ್ನು ಚೀಲದ ನಡುವೆ ನಿಲ್ಲಿಸಿರಿ. ಚೀಲ ತಲೆಕೆಳಗಾಗಿ ಬಿದ್ದರೂ ಪೆಟ್ಟು ತಿನ್ನುವುದು ಕೋಲು. ಹಿಂದುಳಿದ ಚೀಲ ಮರುದಿನ ಸಂಜೆ ಬಂತು.

ಲಾ ರೊಮಾನಾಕ್ಕೆ ಆಟೊಪಿಸ್ತಾ ದೆಲ್ ಕೊರಾಲ್ ಹೆದ್ದಾರಿಯಲ್ಲಿ ಮುಕ್ಕಾಲರಿಂದ ಒಂದು ಗಂಟೆ. ಟೋಲ್‌ಗೆ ಚಿಲ್ಲರೆ ಪೆಸೊ ಇಟ್ಟುಕೊಂಡರೆ ಒಳಿತು. ರಸ್ತೆ ನುಣುಪಾಗಿದೆ, ಆದರೆ ಸಂಜೆಯಾದ ಮೇಲೆ ಹಿಂದೀಪವಿಲ್ಲದ ಮೋಟಾರ್‌ಸೈಕಲ್‌ಗಳು ಎದ್ದು ಬರುತ್ತವೆ. ಕಾರು ಬಾಡಿಗೆಗೆ ಪಡೆಯುವವರು ಹಗಲಲ್ಲೇ ತಲುಪುವುದು ಮೇಲು. ಕಿಟಕಿಯಾಚೆ ಮಂಡ್ಯದ ಬಯಲಿನ ಹಾಗೆ ಕಬ್ಬು, ಮುಗಿಯದ ಕಬ್ಬು.

ಹೋಗುತ್ತಿದ್ದ ರೆಸಾರ್ಟಿಗೂ ಈ ಕಬ್ಬಿಗೂ ನಂಟಿದೆ. ಕಾಸಾ ದೆ ಕಾಂಪೊ ಎಂಬ ಈ ಏಳು ಸಾವಿರ ಎಕರೆಯ ಊರನ್ನು 1970ರ ದಶಕದಲ್ಲಿ ಕಟ್ಟಿದ್ದು ಗಲ್ಫ್ ಅಂಡ್ ವೆಸ್ಟರ್ನ್ ಎಂಬ ಅಮೆರಿಕನ್ ಕಂಪನಿ. ಲಾ ರೊಮಾನಾದ ಸಕ್ಕರೆ ಕಾರ್ಖಾನೆ ಆಗ ಅದರ ಕೈಯಲ್ಲಿತ್ತು. 1980ರ ದಶಕದಲ್ಲಿ ಕಾರ್ಖಾನೆ, ರೆಸಾರ್ಟ್ ಎರಡೂ ಫಾನ್ಹುಲ್ ಕುಟುಂಬದ ಪಾಲಾದವು. ಕಬ್ಬು ಕಡಿಯುವವರಲ್ಲಿ ಹೆಚ್ಚಿನವರು ಹೈಟಿ ಮೂಲದವರು, ಬತೇ ಎಂಬ ಕೇರಿಗಳಲ್ಲಿ ಅವರ ವಾಸ. 2022ರ ನವೆಂಬರ್‌ನಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ಬಲವಂತದ ದುಡಿಮೆಯ ಕಾರಣ ಕೊಟ್ಟು ಇಲ್ಲಿನ ಸಕ್ಕರೆಯ ಆಮದಿಗೆ ತಡೆ ಹಾಕಿತ್ತು. 2025ರಲ್ಲಿ ಅದು ಸಡಿಲವಾಯಿತು. ಗೇಟಿನೊಳಗಿನ ಹುಲ್ಲಿನ ಹಸಿರು ನೋಡುವವರಿಗೆ ಗೇಟಿನಾಚೆಯದೂ ಗೊತ್ತಿರಲಿ.

ಭಾನುವಾರ: ಗಾಡಿ ಮತ್ತು ಮಿನಿತಾಸ್

ಚೆಕ್-ಇನ್ ಮಾಡಿದಾಗ ಕೊಠಡಿಯ ಕೀ ಜೊತೆ ಗಾಲ್ಫ್ ಕಾರ್ಟಿನ ಕೀ ಕೈಗೆ ಬರುತ್ತದೆ. ಕಾಸಾ ದೆ ಕಾಂಪೊದ ನಿಜವಾದ ಸವಲತ್ತು ಇದೇ. ಕಡಲತೀರ, ಮರೀನಾ, ಕುದುರೆ ಲಾಯ, ಬಂದೂಕಿನಿಂದ ಗುರಿ ಹೊಡೆಯುವ ಶೂಟಿಂಗ್ ಸೆಂಟರ್ ಎಲ್ಲಕ್ಕೂ ಮನೆಯವರು ತಮ್ಮ ಪಾಡಿಗೆ ಹೋಗಿಬರಬಹುದು, ಬಸ್ಸಿನ ಹಾದಿ ಕಾಯಬೇಕಿಲ್ಲ. ಮನೆಮಂದಿ ಹೆಚ್ಚಿದ್ದರೆ ಒಂದು ಕಾರ್ಟ್ ಸಾಲದು. ಆಡುವವರು ಬೆಳಿಗ್ಗೆ ಅದನ್ನು ಕೋರ್ಸಿಗೆ ಕೊಂಡೊಯ್ದರೆ ಉಳಿದವರು ಕೊಠಡಿಯಲ್ಲೇ ಬಂದಿ. ಎರಡನೆಯ ಕಾರ್ಟನ್ನು ಬುಕಿಂಗ್ ಹೊತ್ತಿಗೇ ಕೇಳಿಕೊಳ್ಳಿ. ಓಡಿಸುವವರಿಗೆ ಚಾಲನಾ ಪರವಾನಗಿ ಬೇಕು. ಒಳರಸ್ತೆಗಳಲ್ಲಿ ಕಾರು, ಲಾರಿಗಳೂ ಓಡಾಡುತ್ತವೆ, ಮಕ್ಕಳ ಕೈಗೆ ಸ್ಟೀರಿಂಗ್ ಕೊಡುವಂತಿಲ್ಲ.

ಮಿನಿತಾಸ್ ಕಡಲತೀರ ಚಿಕ್ಕದು. ಮೈಲುಗಟ್ಟಲೆ ಬಿಳಿ ಮರಳು ಬೇಕೆನ್ನುವವರಿಗೆ ಇಲ್ಲಿ ನಿರಾಸೆ. ಚಿಕ್ಕ ಮಕ್ಕಳಿಗೆ ಮಾತ್ರ ಇದು ಹೇಳಿಮಾಡಿಸಿದ್ದು. ದ್ವೀಪದ ದಕ್ಷಿಣ ಮಗ್ಗುಲಾದ್ದರಿಂದ ಪೂರ್ವದ ಗಾಳಿ ನೇರ ಬಡಿಯುವುದಿಲ್ಲ, ಅಲೆ ಮೆತ್ತಗಿರುತ್ತದೆ. ಮರಳು ಮುಗಿದು ಹವಳದ ಬಂಡೆ ಶುರುವಾದಲ್ಲಿ ಬರಿಗಾಲು ಸಲ್ಲ. ಬಂಡೆಯ ಅಂಚು ಗರಗಸ, ಸಂದಿಗಳಲ್ಲಿ ಕಡಲ ಮುಳ್ಳುಚೆಂಡು. ರಬ್ಬರ್ ಅಡಿಯ ನೀರಿನ ಶೂಗಳನ್ನು ಊರಿನಿಂದಲೇ ಒಯ್ಯಬೇಕು, ರೆಸಾರ್ಟಿನ ಅಂಗಡಿಯಲ್ಲಿ ಬೆಲೆ ಎರಡು ಪಟ್ಟಿಗೂ ಮೀರಿರುತ್ತದೆ. ಬಿಸಿಲಿನ ಬಗ್ಗೆ ಒಂದು ಮಾತು: ಲಾ ರೊಮಾನಾ ಇರುವುದು ಹೆಚ್ಚುಕಡಿಮೆ ನಮ್ಮ ಬೀದರ್ ಜಿಲ್ಲೆಯ ಅಕ್ಷಾಂಶದಲ್ಲಿ. ಕಡಲ ಗಾಳಿಗೆ ಉರಿ ಗೊತ್ತಾಗುವುದಿಲ್ಲ, ಚರ್ಮ ಮಾತ್ರ ಬೀದರಿನ ಬಿಸಿಲಿಗೇ ಸುಡುತ್ತದೆ.

ಸಂಜೆ ಮರೀನಾದಲ್ಲಿ ಊಟ ಮುಗಿಸಿ ಹೊರಬಂದರೆ ಕಾರ್ಟ್ ಮಾಯ! ಮೂವತ್ತು ನಲವತ್ತು ಕಾರ್ಟ್ ಸಾಲಾಗಿ ನಿಂತಿದ್ದವು, ಎಲ್ಲ ಒಂದೇ ಬಣ್ಣ. ಒಂದು ತಯಾರಿಕೆಯ ಕಾರ್ಟ್‌ಗಳಿಗೆ ಸಾಮಾನ್ಯವಾಗಿ ಒಂದೇ ಕೀ ಹೊಂದುತ್ತದೆ. ಯಾರೋ ತಮ್ಮದೆಂದು ತಿಳಿದು ಓಡಿಸಿಕೊಂಡು ಹೋಗಿದ್ದರು, ಅಜ್ಜಿಯ ಶಾಲೂ ಅದರ ಜೊತೆ ಹೋಯಿತು. ಕಾವಲುಗಾರ ನಗುತ್ತ ವಾಕಿಟಾಕಿಯಲ್ಲಿ ಕಾರ್ಟಿನ ನಂಬರ್ ಹೇಳಿದ, ಇಪ್ಪತ್ತು ನಿಮಿಷದಲ್ಲಿ ಗಾಡಿ, ಶಾಲು ಎರಡೂ ಬಂದವು. ನಂಬರನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಸ್ಟೀರಿಂಗಿಗೆ ಬಣ್ಣದ ಕರವಸ್ತ್ರ ಕಟ್ಟಿ.

ಸೋಮವಾರ: ಟೀತ್ ಆಫ್ ದ ಡಾಗ್

ಪೀಟ್ ಡೈ ವಿನ್ಯಾಸದ, ಕಾಸಾ ದೆ ಕಾಂಪೊದ ಈ ಕೋರ್ಸ್ ತೆರೆದದ್ದು 1971ರಲ್ಲಿ. ಬುಲ್ಡೋಜರಿಗಿಂತ ಹೆಚ್ಚಾಗಿ ಸುತ್ತಿಗೆ, ಉಳಿ, ಹಾರೆಗಳಿಂದ ಮುನ್ನೂರರಷ್ಟು ಸ್ಥಳೀಯ ಕೂಲಿಗಳು ಹವಳದ ಬಂಡೆ ಒಡೆದರು, ಮಣ್ಣು ಎತ್ತಿನಗಾಡಿಯಲ್ಲಿ ಬಂತು. ಹದಿನೆಂಟರಲ್ಲಿ ಏಳು ಹೋಲ್ ನೀರಿಗೆ ಅಂಟಿಕೊಂಡಿವೆ, 5ರಿಂದ 8 ಮತ್ತು 15ರಿಂದ 17. ಮೊದಲ ಕಂತಿನಲ್ಲಿ ಕಡಲು ಎಡಕ್ಕೆ, ಎರಡನೆಯದರಲ್ಲಿ ಬಲಕ್ಕೆ. ಬಲಗೈ ಆಟಗಾರರಲ್ಲಿ ಬಹುಪಾಲಿಗೆ ಚೆಂಡು ಬಲಕ್ಕೆ ಸ್ಲೈಸ್ ಆಗುವ ಚಾಳಿ. ಅವರು 8ರವರೆಗೆ ನೆಮ್ಮದಿಯಾಗಿ ಆಡಿ 15ರಿಂದ ಚೆಂಡು ಕಳೆಯತೊಡಗುತ್ತಾರೆ. ಒಂದು ಡಜನ್ ಚೆಂಡು ಹೆಚ್ಚಿಗೆ ಇರಲಿ, ಹೊಸದು ಬೇಡ.

ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರಕ್ಕೆ. ಒಂದು ಗಂಟೆಯ ಮೇಲೆ ಟೀ ಟೈಮ್, ಅಂದರೆ ಆಟ ಶುರುಮಾಡುವ ಹೊತ್ತು, ತೆಗೆದುಕೊಂಡರೆ ಕಡಲ ಬದಿಯ ಕೊನೆಯ ಕಂತು ಕತ್ತಲಿಗೆ ಸಿಕ್ಕುತ್ತದೆ, ಇಷ್ಟು ಶುಲ್ಕ ತೆತ್ತು ಅದನ್ನು ಕಳೆದುಕೊಳ್ಳುವುದೇ? ಏಳೂವರೆ, ಎಂಟರ ಹೊತ್ತು ಸರಿ. ಪೂರ್ವದ ಗಾಳಿ ಹತ್ತರ ನಂತರ ಬಲಿಯುತ್ತದೆ. ಎದುರುಗಾಳಿಯಲ್ಲಿ ಜೋರಾಗಿ ಬೀಸಿದಷ್ಟೂ ಚೆಂಡಿನ ಹಿಮ್ಮುಖ ತಿರುಗುವಿಕೆ ಹೆಚ್ಚಿ ಅದು ಮೇಲಕ್ಕೆದ್ದು ನಿಂತಲ್ಲೇ ಬೀಳುತ್ತದೆ. 8 ಐರನ್ ಎಂಬ ಕ್ಲಬ್ ಸಾಕೆನಿಸಿದಲ್ಲಿ ಅದಕ್ಕಿಂತ ದೂರ ಹೊಡೆಯುವ 6 ಐರನ್ ಹಿಡಿದು ಮುಕ್ಕಾಲು ಬೀಸಿನಲ್ಲಿ ಹೊಡೆಯುವುದು ಜಾಣತನ.

ಇಲ್ಲಿನ ಹುಲ್ಲು ಸೀಶೋರ್ ಪಾಸ್ಪಾಲಮ್. ಉಪ್ಪುನೀರು ತಡೆಯುವ ಜಾತಿಯಾದ್ದರಿಂದ ಕೆರಿಬಿಯನ್ ಕಡಲ ಬದಿಯ ಕೋರ್ಸ್‌ಗಳು ಒಂದೊಂದಾಗಿ ಇದಕ್ಕೇ ಬದಲಾಗಿವೆ. ಅಮೆರಿಕದ ದಕ್ಷಿಣದಲ್ಲಿ ಬರ್ಮುಡಾ ಹುಲ್ಲಿನ ಮೇಲೆ ಆಡಿ ಬಂದವರು ಮೊದಲ ಮೂರು ಗ್ರೀನಿನಲ್ಲಿ, ಅಂದರೆ ಹೋಲಿನ ಸುತ್ತಲಿನ ನುಣುಪು ಹುಲ್ಲಿನಲ್ಲಿ, ಮೋಸ ಹೋಗುತ್ತಾರೆ. ಪಾಸ್ಪಾಲಮ್ ಅಂಟಂಟು, ಹೋಲಿನ ಕಡೆ ಉರುಳಿಸುವ ಪಟ್ ಮೊದಲೇ ನಿಂತುಬಿಡುತ್ತದೆ. ಗ್ರೀನಿನ ಹೊರಗಿನಿಂದ ಉರುಳಿಸಿ ಬಿಡುವ ಚಿಪ್ ಹೊಡೆತವೂ ಅಷ್ಟೇ, ನೆಲ ಮುಟ್ಟಿದ ಕಡೆ ಹುಲ್ಲು ಹಿಡಿದುಕೊಳ್ಳುತ್ತದೆ. ಚೆಂಡನ್ನು ಎತ್ತಿ ಹೋಲಿನ ಹತ್ತಿರಕ್ಕೇ ಬೀಳಿಸಬೇಕು. ಒಳ್ಳೆಯದೂ ಒಂದಿದೆ. ಗ್ರೀನಿಗೆ ಸಾಗುವ ಹುಲ್ಲುದಾರಿಯಾದ ಫೇರ್‌ವೇಯಲ್ಲಿ ಚೆಂಡು ಹುಲ್ಲಿನ ತುದಿಯ ಮೇಲೆ ಎದ್ದು ಕೂರುತ್ತದೆ, ಹೊಡೆಯಲು ಹಗುರ.

5ನೆಯ ಹೋಲ್ ಚಿಕ್ಕ ಪಾರ್-3, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು. ಗ್ರೀನಿನ ಎಡಕ್ಕೆ ಕಪ್ಪು ಹವಳದ ಹಲ್ಲುಗಳು, ಅದರಾಚೆ ನೀರು. ಚೀಲ ಹೊತ್ತು ಸಲಹೆ ಕೊಡುವ ಕ್ಯಾಡಿ ಮಂಡಿಯೂರಿ ಕೂತು ಪಟ್‌ನ ಗೆರೆ ನೋಡಿದ, ಎರಡು ಬೆರಳು ಎತ್ತಿ ಕಡಲ ಕಡೆ ತೋರಿಸಿದ. "ನಿಮ್ಮ ಕಣ್ಣು ಏನೇ ಹೇಳಲಿ, ಚೆಂಡು ನೀರಿನ ಕಡೆಗೇ ವಾಲುತ್ತದೆ" ಎಂದ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಯಲ್ಲಿ. ಕಣ್ಣಿಗೆ ಇಳಿಜಾರು ಬಲಕ್ಕೆ ಕಾಣುತ್ತಿತ್ತು. ಚೆಂಡು ಎಡಕ್ಕೆ ಹೋಯಿತು. ಅವನ ಅಪ್ಪನೂ ಇಲ್ಲೇ ಕ್ಯಾಡಿ ಆಗಿದ್ದನಂತೆ. ಟಿಪ್ ಶುಲ್ಕದಲ್ಲಿ ಸೇರಿರುವುದಿಲ್ಲ, ನಗದು ಡಾಲರ್ ಜೇಬಿನಲ್ಲಿರಲಿ. ಬುಕಿಂಗಿಗೆ ಮುನ್ನ ಕೋರ್ಸ್ ತೆರೆದಿದೆಯೇ ಎಂದು ಕೇಳಿಬಿಡಿ. 2025ರಲ್ಲಿ ನವೀಕರಣಕ್ಕೆಂದು ಇದು ತಿಂಗಳುಗಟ್ಟಲೆ ಮುಚ್ಚಿತ್ತು, ತಿಳಿಯದೆ ಬಂದವರು ಬೇರೆ ಕೋರ್ಸುಗಳಲ್ಲಿ ಆಡಬೇಕಾಯಿತು.

ಉಳಿದವರು ಆ ಹೊತ್ತಿನಲ್ಲಿ ಆಲ್ತೋಸ್ ದೆ ಚಾವೋನ್‌ನಲ್ಲಿದ್ದರು. ನದಿಯ ಕಮರಿಯ ಅಂಚಿಗೆ ಕಲ್ಲಿನಲ್ಲಿ ಕಟ್ಟಿದ ಹಳೆಯ ಯುರೋಪಿನ ಮಾದರಿ ಊರು ಇದು. ನೋಡಲು ಐನೂರು ವರ್ಷದ್ದು, ಕಟ್ಟಿದ್ದು 1976ರಿಂದೀಚೆಗೆ. ನಕಲಿ ಎಂದು ಮೂಗು ಮುರಿಯುವವರೂ ಅಲ್ಲಿನ ಪುರಾತತ್ವ ಸಂಗ್ರಹಾಲಯ ಬಿಡಬಾರದು. ಕೊಲಂಬಸ್ಸನಿಗೆ ಮೊದಲು ಈ ದ್ವೀಪದಲ್ಲಿದ್ದ ತಾಯ್ನೊ ಜನರ ಕೆತ್ತನೆಗಳು ಅಲ್ಲಿವೆ, ಅವು ಅಸಲಿ. 5,000 ಜನ ಕೂರುವ ಬಯಲು ರಂಗಮಂದಿರವನ್ನು 1982ರಲ್ಲಿ ಉದ್ಘಾಟಿಸಿದ್ದು ಫ್ರಾಂಕ್ ಸಿನಾತ್ರಾ ಗಾಯನ. ಕಲ್ಲುಹಾಸು ಉಬ್ಬುತಗ್ಗು. ಮಂಡಿನೋವಿನ ಹಿರಿಯರಿಗೆ ಬೆಳಗಿನ ತಂಪೇ ಸರಿ.

ಮಂಗಳವಾರ: ಗವಿ, ಅನ್ನ, ಬೇಸ್‌ಬಾಲ್

ಸಾನ್ ಪೇದ್ರೊ ದೆ ಮಾಕೊರಿಸ್ ರಸ್ತೆಯಲ್ಲಿರುವ ಕುಯೇವಾ ದೆ ಲಾಸ್ ಮಾರಾವಿಯಾಸ್ ಗವಿಗೆ ಸೋಮವಾರ ರಜೆ, ಹಾಗಾಗಿ ಮಂಗಳವಾರಕ್ಕಿಟ್ಟಿದ್ದು. ತಾಯ್ನೊ ಜನ ಬರೆದ ಐನೂರರಷ್ಟು ಚಿತ್ರಗಳಿವೆ. ಮಾರ್ಗದರ್ಶಿ ಇಲ್ಲದೆ ಬಿಡುವುದಿಲ್ಲ, ಒಳಗೆ ಫೋಟೊ ತೆಗೆಯುವಂತಿಲ್ಲ. ಕಾಲುದಾರಿ ಚೊಕ್ಕವಾಗಿದೆ, ದೀಪಗಳು ಜನ ಬಂದಂತೆ ಹತ್ತಿ ಹೋದಂತೆ ಆರುತ್ತವೆ. ಕತ್ತಲಿಗೆ ಹೆದರುವ ಮಕ್ಕಳನ್ನು ಗುಂಪಿನ ನಡುವೆ ನಡೆಸಿ.

ಮಧ್ಯಾಹ್ನದ ಊಟ ಲಾ ರೊಮಾನಾ ಪೇಟೆಯ ಒಂದು ಕೊಮೆದೋರ್‌ನಲ್ಲಿ, ಅಂದರೆ ನಮ್ಮ ಮೆಸ್. ಅನ್ನ, ಕೆಂಪು ಬೀನ್ಸ್ ಕಾಳಿನ ಸಾರು, ಬಾಳೆಕಾಯಿ ಚಪ್ಪಟೆ ಮಾಡಿ ಎರಡು ಸಲ ಕರಿದ ತೊಸ್ತೋನೆಸ್, ಸಲಾಡ್. ಜೊತೆಗೆ ಮಾಂಸ, ಬೇಡವೆಂದರೆ ಬಿಡುತ್ತಾರೆ. ತೊಡಕು ಇರುವುದು ಬೀನ್ಸ್ ಸಾರಿನಲ್ಲಿ. ಮಾಂಸದ ತುಂಡು ಕಾಣದಿದ್ದರೂ ರುಚಿಗೆ ಸೊಪೀತಾ ಎಂಬ ಕೋಳಿಸಾರಿನ ಬಿಲ್ಲೆ ಹಾಕಿರುತ್ತಾರೆ. "ಸಿನ್ ಕಾರ್ನೆ" ಎಂದರೆ ಸಾಲದು, ಕೋಳಿ, ಹ್ಯಾಮ್ ಆ ಲೆಕ್ಕಕ್ಕೆ ಬರದೆ ಹೋಗಬಹುದು. "ಸಿನ್ ಪೊಯೊ, ಸಿನ್ ಹಮೋನ್, ಸಿನ್ ಸೊಪೀತಾ" ಎಂದು ಪೂರ್ತಿ ಹೇಳಿ. ಅಡುಗೆಯಾಕೆ ಅಜ್ಜಿಯನ್ನು ನೋಡಿ ತಲೆಯಾಡಿಸಿ, ಬೀನ್ಸ್ ಕೈಬಿಟ್ಟು ಮಂಗೂ ತಂದಿಟ್ಟಳು. ಬೇಯಿಸಿ ಬೆಣ್ಣೆ ಹಾಕಿ ಕಿವುಚಿದ ಬಾಳೆಕಾಯಿ, ಮೇಲೆ ಹುಳಿಯಲ್ಲಿ ಬಾಡಿಸಿದ ಈರುಳ್ಳಿ. ಪಾತ್ರೆಯ ತಳದ ಗರಿಗರಿ ಅನ್ನವನ್ನು ಇಲ್ಲಿ ಕೊನ್‌ಕೋನ್ ಎನ್ನುತ್ತಾರೆ, ಅದನ್ನು ಕೆರೆದು ತನ್ನ ತಟ್ಟೆಗೂ ಹಾಕಿಕೊಂಡು ಎದುರಿಗೇ ಕೂತಳು. ಮೈಸೂರು ಎಲ್ಲಿ ಎಂದು ಕೇಳಿದಳು. ಉತ್ತರ ಅರ್ಥವಾಗಲಿಲ್ಲ, ಆದರೂ ಇಬ್ಬರ ಮಾತು ಅರ್ಧ ಗಂಟೆ ನಡೆಯಿತು.

ಬಿಲ್ಲಿನ ವಿಚಾರ ಇಲ್ಲೇ ಹೇಳಬಹುದು. ಮೆನುವಿನ ಬೆಲೆಯ ಮೇಲೆ ಶೇ 18 ತೆರಿಗೆ, ಶೇ 10 ಸೇವಾ ಶುಲ್ಕ, ಒಟ್ಟು ಶೇ 28 ಏರುತ್ತದೆ. ಪೇಟೆಯ ಚಿಕ್ಕ ಊಟದ ಮನೆಗಳಲ್ಲಿ ಇದು ಕಾಣಿಸುವುದಿಲ್ಲ, ರೆಸಾರ್ಟಿನಲ್ಲಿ ಪ್ರತಿ ಜ್ಯೂಸಿಗೂ ಕಾಣಿಸುತ್ತದೆ. ಮಕ್ಕಳು ದಿನಕ್ಕೆ ನಾಲ್ಕು ಸಲ ಏನಾದರೂ ಕೇಳುವ ಮನೆಯಾದರೆ ಊಟ ಸೇರಿದ ಪ್ಯಾಕೇಜ್ ಲಾಭ. ಹೊರಗೆ ಸುತ್ತುವವರಿಗೆ ಅದು ದುಂದು.

ರಾತ್ರಿ ತೋರೋಸ್ ದೆಲ್ ಎಸ್ತೆ ತಂಡದ ಬೇಸ್‌ಬಾಲ್ ಪಂದ್ಯ. ಚಳಿಗಾಲದ ಲೀಗ್ ಅಕ್ಟೋಬರ್‌ನಿಂದ ಜನವರಿವರೆಗೆ ಇರುತ್ತದೆ. ನಿಯಮ ಗೊತ್ತಿಲ್ಲದಿದ್ದರೂ ಬೇಸರವಾಗದಷ್ಟು ಗದ್ದಲ. ಜೊತೆಗಿದ್ದ ಹುಡುಗನ ಕಿವಿಗೆ ಹತ್ತಿ ಬೇಕಾಯಿತು.

ಬುಧವಾರ: ಸವೋನಾ

ಬಾಯಾಹೀಬೆ ಎಂಬ ಮೀನುಗಾರರ ಊರಿನಿಂದ ಸವೋನಾ ದ್ವೀಪಕ್ಕೆ ದೋಣಿ. ಹೋಗಿಬರುವುದರಲ್ಲಿ ಒಂದು ಸಲ ಕ್ಯಾಟಮರಾನ್ ಎಂಬ ಜೋಡಿ ಒಡಲಿನ ದೋಣಿ, ಇನ್ನೊಂದು ಸಲ ಸ್ಪೀಡ್‌ಬೋಟ್, ಹೆಚ್ಚಿನ ಪ್ಯಾಕೇಜ್ ಹೀಗೇ. ಸ್ಪೀಡ್‌ಬೋಟಿನ ಮುಂದಿನ ಆಸನಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಅಲೆಗೆ ಎದ್ದು ಬೀಳುವುದು ಅದೇ, ಬೆನ್ನುಮೂಳೆಗೆ ಏಟೂ ಅಲ್ಲೇ. ಹಿರಿಯರು, ಗರ್ಭಿಣಿಯರು ಹೋಗುವುದಾದರೆ ಎರಡೂ ಕಡೆಗೆ ಕ್ಯಾಟಮರಾನ್ ಕೇಳಬೇಕು. ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ದಾರಿಯಲ್ಲಿ ಸೊಂಟಮಟ್ಟದ ನೀರಿನ ಮರಳುದಿಬ್ಬದಲ್ಲಿ ನಕ್ಷತ್ರಮೀನುಗಳಿವೆ. ಫೋಟೊಗೆಂದು ಅವನ್ನು ನೀರಿನಿಂದ ಎತ್ತಬಾರದು, ಮಕ್ಕಳಿಗೆ ಮೊದಲೇ ಹೇಳಿರಿ.

ಹತ್ತು ನಿಮಿಷ ಅಡ್ಡಮಳೆ ಹೊಡೆಯಿತು. ಎಳನೀರು ಮಾರುವವನು ತಾಳೆಗರಿಯ ಸೂರಿಗೆ ಎಲ್ಲರನ್ನೂ ಕರೆದ. ಮಚ್ಚಿನ ಮೂರೇಟಿಗೆ ಕಾಯಿ ತೆರೆದು ಕೊಟ್ಟು, ಹಣ ಮಳೆ ನಿಂತ ಮೇಲೆ ಕೊಡಿ ಎಂದ. ಜೊತೆಗೆ ರಮ್ ಬೆರೆಸಬೇಕೇ ಎಂದು ಅಜ್ಜಿಯನ್ನೂ ಕೇಳಿದ!

ಗುರುವಾರ: ಕಮರಿಯ ಮೇಲೆ, ಆಮೇಲೆ ಪೂರ್ವಕ್ಕೆ

ಬೆಳಿಗ್ಗೆ ಡೈ ಫೋರ್ ಎಂಬ ಇನ್ನೊಂದು ಕೋರ್ಸ್. ಇಲ್ಲಿ ಇಪ್ಪತ್ತೇಳು ಹೋಲ್ ಇವೆ. ಅದರಲ್ಲಿ ಚಾವೋನ್ ಎಂಬ ಒಂಬತ್ತು ಹೋಲುಗಳ ಭಾಗ ನದಿಯ ಕಮರಿಯ ಅಂಚಿಗೇ ಸಾಗುತ್ತದೆ, ನೋಟಕ್ಕೆ ಟೀತ್ ಆಫ್ ದ ಡಾಗ್‌ಗೆ ಕಡಿಮೆಯಿಲ್ಲ. ಆದರೆ ಉದ್ದ ಬಹಳ, ಗಾಳಿಗೆ ತಡೆಯಿಲ್ಲ. ಹಿಂದಿನ ಟೀಗಳಿಂದ, ಅಂದರೆ ಹೋಲಿನಿಂದ ಅತಿ ದೂರದ ಆರಂಭದ ಜಾಗಗಳಿಂದ, ಆಡುವ ಹಟ ಬೇಡ. ಮೊದಲ ಸಲ ಕ್ಲಬ್ ಹಿಡಿಯುವ ಮಕ್ಕಳಿಗೆ ಒಳನಾಡಿನ ಲಿಂಕ್ಸ್ ಕೋರ್ಸ್ ಸಾಕು. ಸಂಜೆ ಅಲ್ಲಿ ನಾಲ್ಕೈದು ಹೋಲ್ ಆಡಿಸಿದರೆ ಹೆಚ್ಚಾಯಿತು. ಜೊತೆಗಿದ್ದ ಹನ್ನೊಂದು ವರ್ಷದ ಹುಡುಗಿಗೆ ಗಾಲ್ಫ್‌ಗಿಂತ ಶೂಟಿಂಗ್ ಸೆಂಟರಿನ 110 ಅಡಿಯ ಗೋಪುರ ಹಿಡಿಸಿತು, ಅಲ್ಲಿಂದ ಹಾರಿಬರುವ ಮಣ್ಣಿನ ಬಿಲ್ಲೆಗಳನ್ನು ಎಣಿಸುತ್ತ ಕೂತಳು. ಮಧ್ಯಾಹ್ನ ಪುಂಟಾ ಕಾನಾಕ್ಕೆ.

ಶುಕ್ರವಾರ: ಕೊರಾಲೆಸ್

ಪೂರ್ವ ತೀರದ ಸ್ವಭಾವವೇ ಬೇರೆ. ಮರಳು ಉದ್ದ, ಬಿಳುಪು, ಅಲೆ ಜೋರು. ಗಾಳಿ ನೇರ ಅಟ್ಲಾಂಟಿಕ್‌ನಿಂದ. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಕಡಲಪಾಚಿ ದಂಡೆತ್ತಿ ಬರುವುದೂ ಇದೇ ದಿಕ್ಕಿನಿಂದ. ಮಾರ್ಚಿನಿಂದ ಅಕ್ಟೋಬರ್‌ವರೆಗೆ ಅದರ ಹಾವಳಿ, ಕೊಳೆತರೆ ಕೋಳಿಮೊಟ್ಟೆ ಹಳಸಿದ ವಾಸನೆ. ಬೇಸಿಗೆ ರಜೆಯಲ್ಲಿ ಕಡಲಿಗಾಗಿಯೇ ಬರುವ ಕುಟುಂಬಗಳಿಗೆ ದಕ್ಷಿಣ ಮಗ್ಗುಲಿನ ಲಾ ರೊಮಾನಾ, ಬಾಯಾಹೀಬೆ ಹೆಚ್ಚು ನಂಬಿಕೆಯ ಜಾಗ. ಡಿಸೆಂಬರಿನಲ್ಲಿ ಇಲ್ಲೂ ನೀರು ತಿಳಿಯಾಗಿತ್ತು.

ಕೊರಾಲೆಸ್ ಕೋರ್ಸ್ ಟಾಮ್ ಫಾಜಿಯೊ ಕಟ್ಟಿದ್ದು, 2010ರದ್ದು. 2018ರಿಂದ ಇಲ್ಲಿ ಪಿಜಿಎ ಟೂರ್ ಎಂಬ ವೃತ್ತಿಪರ ಗಾಲ್ಫ್ ಸರಣಿಯ ಪಂದ್ಯ ನಡೆಯುತ್ತದೆ. ಕೊನೆಯ ಮೂರು ಹೋಲ್ ಕಡಲ ಅಂಚಿಗೆ, 18ರಲ್ಲಿ ಕೊಲ್ಲಿಯ ಮೇಲಿಂದಲೇ ಚೆಂಡು ದಾಟಿಸಬೇಕು. ಎಷ್ಟು ದಾಟಿಸಬಲ್ಲೆ ಎಂಬ ಲೆಕ್ಕ ಗಾಳಿ ಇಲ್ಲದಾಗಿನದ್ದು ಆಗಿರಬಾರದು. ಹತ್ತಿರದ ಕಾಪ್ ಕಾನಾದಲ್ಲಿ ಜ್ಯಾಕ್ ನಿಕ್ಲಾಸ್ ವಿನ್ಯಾಸದ ಪುಂಟಾ ಎಸ್ಪಾದಾ ಕೋರ್ಸ್ ಇನ್ನೂ ಹೆಚ್ಚು ಹೋಲುಗಳನ್ನು ನೀರಿಗೆ ತೋರಿಸುತ್ತದೆ. ಎರಡರಲ್ಲಿ ಒಂದೇ ಆಡುವುದಾದರೆ ನನ್ನ ಮತ ಪುಂಟಾ ಎಸ್ಪಾದಾಕ್ಕೆ.

ಆದರೆ ಆಡದವರ ಐದು ಗಂಟೆ ಇಲ್ಲಿ ಕಷ್ಟ. ಕೋರ್ಸ್, ಕಡಲು, ಊಟದ ಜಾಗ ಒಂದಕ್ಕೊಂದು ದೂರ, ಪ್ರತಿ ಸಲ ಶಟಲ್‌ಗೆ ಫೋನ್. ಇದಕ್ಕೊಂದು ಒಳ್ಳೆಯ ಉತ್ತರವೆಂದರೆ ಓಹೋಸ್ ಇಂದೀಹೆನಾಸ್ ಕಾಡು. ಹನ್ನೆರಡು ಸಿಹಿನೀರಿನ ಕೊಳಗಳು, ಕೆಲವುಗಳಲ್ಲಿ ಈಜಬಹುದು. ನೀರು ಹಸಿರು ಗಾಜು, ತಂಪು. ಸನ್‌ಸ್ಕ್ರೀನ್ ಬಳಿದುಕೊಂಡು ಇಳಿಯಬಾರದು, ಉದ್ದ ತೋಳಿನ ಈಜುಬಟ್ಟೆ ಸಾಕು. ಸೊಳ್ಳೆಗೆ ಕಾಲಿಗೆ ಮುಲಾಮು ಹೊರಬಂದ ಮೇಲೆ.

ಶನಿವಾರ: ಹೊರಡುವ ಮುನ್ನ

ಬೆಳಗಿನ ವಿಮಾನವಿದ್ದವರು ಗಾಲ್ಫ್ ಶೂಗಳನ್ನು ಹಿಂದಿನ ದಿನ ಮಧ್ಯಾಹ್ನವೇ ತೊಳೆಯಬೇಕು. ಅಡಿಯ ಮೊಳೆಗಳ ನಡುವೆ ಮೆತ್ತಿದ ಮಣ್ಣು, ಹುಲ್ಲು ಅಮೆರಿಕದ ಕೃಷಿ ತಪಾಸಣೆಯವರ ಕಣ್ಣಿಗೆ ಬಿದ್ದರೆ ಸಾಲಿನಿಂದ ಬದಿಗೆ ಕರೆಯುತ್ತಾರೆ. ಕ್ಲಬ್ ಹೌಸಿನ ಬಾಗಿಲಲ್ಲಿ ಬ್ರಶ್, ಗಾಳಿಯ ಪೈಪು ಇರುತ್ತದೆ. ಅಲ್ಲೇ ಕ್ಲಬ್‌ಗಳ ಮೇಲಿನ ಉಪ್ಪನ್ನೂ ಸಿಹಿನೀರಿನಲ್ಲಿ ಒರೆಸಿಕೊಳ್ಳಿ, ಇಲ್ಲದಿದ್ದರೆ ವೆಜ್ ಎಂಬ ಕ್ಲಬ್‌ಗಳಿಗೆ ಮನೆ ತಲುಪುವಷ್ಟರಲ್ಲಿ ತುಕ್ಕಿನ ಚುಕ್ಕೆ ಬಂದಿರುತ್ತದೆ. ಕೊಠಡಿಯ ತೇವಕ್ಕೆ ಶೂ ರಾತ್ರಿಯಿಡೀ ಒಣಗುವುದಿಲ್ಲ. ಒಳಗೆ ಹಳೆಯ ಪತ್ರಿಕೆ ತುರುಕಿ, ಎಸಿಯ ಗಾಳಿ ಬೀಳುವ ಕಡೆ ಇಡಿ.